ಸುಣ್ಣದ ಕೆಳಗಿನ ಮಳೆ

ನನ್ನ ಮೊಮ್ಮಗಳು ಹುಟ್ಟಿದ ವಾರ ಕಲ್ಯಾಣ ತಾಲೂಕಿನಾಗ ನಮ್ಮ ಕೆಲಸ ನಡೆದಿದ್ದ ಹಳ್ಳಿಯೊಳಗ ಎಷ್ಟು ದಿನ ಮಳೆ ಬಿತ್ತು ಅಂತ ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕಿಂತ ಮುಂಚಿನ ಮಳೆ ಗೊತ್ತದ, ಆಮೇಲಿನದೂ ಗೊತ್ತದ. ನಡುವಿನ ಐದು ದಿನ ಮಾತ್ರ ನನ್ನ ಲೆಕ್ಕದಾಗಿಲ್ಲ. ಆ ಹೊತ್ತಿನಾಗ ನಮ್ಮ ಮನಿಯವರ ಮೊದಲನೇ ಗುತ್ತಿಗೆ ಇರ್ತದೋ ಹೋಗ್ತದೋ ಅನ್ನೋ ಹಂಗಿತ್ತು. ಅದನ್ನ ಬರೀತೀನಿ. ನಾನು ಕಲಿತದ್ದು ಮೂರನೇತ್ತೆ. ಅಕ್ಷರ ದಪ್ಪ ಬರ್ತಾವ, ಸಾಲು ಒಂದು ಏರ್ತದ, ಒಂದು ಇಳೀತದ.

ಮೊದಲೇ ಹೇಳಿಬಿಡ್ತೀನಿ, ಮೊಮ್ಮಗಳ ಮಾತು ಬಂದರೆ ನನ್ನ ಕೈ ನಿಲ್ಲಂಗಿಲ್ಲ. ಈಗ ಆಕೆ ಎರಡನೇತ್ತೆ. ಹುಮನಾಬಾದಿನ ಬಜಾರದಾಗ ನನ್ನ ಸೆರಗು ಹಿಡಿದು ನಡೆಯುವಾಗ ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದ್ತಾಳ. ಓದಿ, ಅಂಗಡಿಯವರಿಗೆ ಬೋರ್ಡಿನ ಬಣ್ಣ ಹೋಗೇದ, ಹೊಸಾದು ಬರೆಸ್ರಿ ಅಂತಾಳ. ಮೊನ್ನೆ ಹಿಟ್ಟಿನ ಗಿರಣಿಯವರು, "ನಿಮ್ಮ ಮೊಮ್ಮಗಳು ಬರಾಕತ್ತಾಳಂದ್ರ ನಾ ಬೋರ್ಡಿಗೆ ಪಡದಾ ಹಾಕ್ತೀನ್ರಿ" ಅಂದರು. ನನಗೆ ಆ ದಿನ ಊಟ ಬೇಕಾಗಿದ್ದಿಲ್ಲ, ಹೊಟ್ಟಿ ತುಂಬಿತ್ತು. ಇರಲಿ.

ನಮ್ಮ ಮನಿಯವರು ಇಪ್ಪತ್ತು ವರ್ಷ ಬೇರೆಯವರ ಕೈಕೆಳಗ ಗೌಂಡಿ ಕೆಲಸ ಮಾಡಿದವರು. ಅವರು ಕಟ್ಟಿದ ಗೋಡೆಗಳು ಹುಮನಾಬಾದದಾಗೂ ಅವ, ಕಲ್ಯಾಣದಾಗೂ ಅವ. ಆದರೆ ಎಲ್ಲಾ ಕಟ್ಟಡದ ಮೇಲೂ ಇನ್ನೊಬ್ಬ ಗುತ್ತೇದಾರರ ಹೆಸರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಅವರ ಹೆಸರಿಗೇ ಒಂದು ಸಣ್ಣ ಗುತ್ತಿಗೆ ಸಿಕ್ಕಿತು. ಹಳ್ಳಿ ಶಾಲೆಯ ಹಳೇ ಕಟ್ಟಡದ ಮಗ್ಗಲಿಗೆ ಎರಡು ಕೋಣೆ. ಗಣಪತಿ ಹಬ್ಬ ಆದ ಮೇಲೆ ಶುರು ಮಾಡಿ ಸಂಕ್ರಾಂತಿಗೆ ಕೀಲಿ ಕೊಡಬೇಕು. ಕೊಡದಿದ್ದರೆ ಗುತ್ತಿಗೆ ರದ್ದು. ಕೆಲಸ ಇನ್ನೊಬ್ಬರಿಗೆ ಹೋಗ್ತದ, ಇವರ ಹೆಸರು ಆಫೀಸಿನ ಪಟ್ಟಿಯಿಂದ ಹೊರಗೆ. ಒಮ್ಮೆ ಹೊರಗೆ ಬಿದ್ದವರನ್ನ ಯಾರೂ ತಿರುಗಿ ಕರೆಯಂಗಿಲ್ಲ. ಇವರಿಗೆ ಅದೊಂದೇ ಅಂಜಿಕೆ.

ಕಾಗದಪತ್ರದ ಜೊತೆಗೆ ಆಫೀಸಿನವರು ಒಂದು ದಪ್ಪ ರಜಿಸ್ಟರ್ ಕೊಟ್ಟಿದ್ದರು. ನೀಲಿ ಬಟ್ಟೆ ಹಚ್ಚಿದ ರಟ್ಟು, ಒಳಗೆ ಗೆರೆ ಹಾಕಿದ ಹಾಳೆ. ಕೆಲಸಕ್ಕೆ ಏನೇನು ಅಡಚಣಿ ಬಂತು, ಯಾವ ದಿನ ಮಳೆ ಬಂತು, ಯಾವ ದಿನ ಕೆಲಸ ನಿಂತಿತು ಅಂತ ಅದರಾಗ ದಿನಾ ಬರೀಬೇಕಿತ್ತಂತೆ. ಅದು ನಮಗೆ ಗೊತ್ತಿದ್ದಿಲ್ಲ. ನಮ್ಮ ಮನಿಯವರು ಅದನ್ನ ಹೊಸ ಪ್ಲಾಸ್ಟಿಕ್ಕಿನಾಗ ಸುತ್ತಿ ಮನಿಗೆ ತಂದು ಟ್ರಂಕಿನಾಗ ನನ್ನ ಮದುವಿ ಸೀರೆ ಮೇಲಿಟ್ಟರು.

"ಇದರಾಗ ಏನು ಬರೀಬೇಕ್ರಿ?" ಅಂದೆ.

"ನಾವು ಬರಿಯೋದಲ್ಲ ಅದು. ಸರಕಾರದ ವಹಿ. ಸಾಹೇಬ್ರು ಬಂದಾಗ ಅವರೇ ಬರೀತಾರ. ನಾವು ಮುಟ್ಟಿ ಹೊಲಸ ಮಾಡೋದು ಬ್ಯಾಡ."

ದಸರಾಕ್ಕೆ ಕರಣಿ, ಸುತ್ತಿಗೆ, ದಾರದ ಗುಂಡು ಎಲ್ಲಾ ತೊಳೆದು ಪೂಜೆಗೆ ಇಟ್ಟಾಗ ರಜಿಸ್ಟರನ್ನೂ ಇಟ್ಟೆವು. ಮೊದಲನೇ ಹಾಳೆಗೆ ಅರಿಶಿಣ ಕುಂಕುಮ ಹಚ್ಚಿದೆ. ಮತ್ತೆ ಟ್ರಂಕಿಗೆ.

ಕೆಲಸ ನಡೆಯುವಷ್ಟು ದಿನ ನಾವು ಶಾಲೆಯ ಹಿಂದೆ ತಗಡಿನ ಶೆಡ್ಡಿನಾಗ ಇದ್ದೆವು. ನನ್ನ ಕೆಲಸ ನೀರು ಹೊಡೆಯೋದು. ಕಾಂಕ್ರೀಟಿನ ಕಂಬ ಹಾಕಿದ ಮೇಲೆ ಗೋಣಿತಟ್ಟು ಸುತ್ತಿ ಮುಂಜಾನೆ ಒಮ್ಮೆ, ಸಂಜಿಗೆ ಒಮ್ಮೆ ತೋಯಿಸಬೇಕು. ಇಲ್ಲಂದ್ರ ಕಂಬ ಬಿರುಕು ಬಿಡ್ತದ. ಗೌಂಡಿ ಒಬ್ಬ ಇದ್ದ, ನಮ್ಮ ಮನಿಯವರ ಹಳೇ ಜೋಡಿ, ನನಗೆ ಅತ್ತಿಗಿ ಅನ್ನೋದಕ್ಕ ವೈನಿ ಅಂತಿದ್ದ. ಬಾಯಿ ಭಾಳ ಹರಿತ.

"ವೈನಿ, ನಿನ್ನೆ ಸಂಜಿಗೆ ನೀರು ಹೊಡದಿಲ್ಲ ನೀವು. ತಟ್ಟು ಹಪ್ಪಳ ಆಗ್ಯಾವ ನೋಡ್ರಿ."

"ಬಿಸಿಲಿಗೆ ಆರ್ಯಾವ. ಹೊಡದೀನಿ."

"ಸಾಕ್ಷಿ?"

"ನನ್ನ ಸೊಂಟ ಸಾಕ್ಷಿ. ಬಾ, ನಿನಗ ಎರಡು ಕೊಡ ಕೊಡ್ತೀನಿ, ಹೊತ್ತು ನೋಡು."

ದಿನಾ ಇದೇ ತಕರಾರು. ಬ್ಯಾಸತ್ತು, ಕಂಬ ಹಾಕಿದ ದಿನದಿಂದ ಹಳೇ ಶಾಲೆಯ ಪಡಸಾಲಿ ಗೋಡೆಗೆ ಇದ್ದಲಿಯಿಂದ ಗೆರೆ ಎಳೆಯಾಕ ಹತ್ತಿದೆ. ಮುಂಜಾನೆ ನೀರು ಹೊಡೆದರೆ ಒಂದು ಉದ್ದ ಗೆರೆ, ಸಂಜಿಗೆ ಅದರ ಮಗ್ಗಲಿಗೆ ಇನ್ನೊಂದು. ಮಳೆ ಬಂದ ದಿನ ನೀರು ಹೊಡೆಯೋದು ಬೇಕಿಲ್ಲ, ಆದರೆ ಜಾಗ ಖಾಲಿ ಬಿಟ್ಟರೆ ಗೌಂಡಿ ಮತ್ತೆ ಬಾಯಿ ತೆಗೀತಾನ. ಅದಕ್ಕ ಮಳೆ ದಿನಕ್ಕೆ ಒಂದು ದುಂಡನೇ ಸೊನ್ನೆ. ಪಡಸಾಲಿಗೆ ಮಾಡು ಇತ್ತು, ಮಳೆ ನೀರು ಗೋಡೆಗೆ ತಾಕ್ತಿದ್ದಿಲ್ಲ. ಗೌಂಡಿ ಸುಮ್ಮನಾದ. ಹೆಡ್‌ಮಾಸ್ತರಿಗೆ ಮಾತ್ರ ಸಿಟ್ಟು. "ನಿಮ್ಮದು ನೋಡಿ ಹುಡುಗರೂ ಗೋಡಿ ಮ್ಯಾಲ ಗೀಚಾಕತ್ತಾರವ್ವಾ" ಅಂತಿದ್ದರು.

ದಸರಾ ಆಗಿ ನಾಲ್ಕನೇ ದಿನ ಕಂಬ ಹಾಕಿದ್ದು. ಓವರ್‌ಸೀಯರು ಬಂದು ಕೆಂಪು ಬಣ್ಣದಿಂದ ಕಂಬದ ಮೇಲೆ ತಾರೀಖು ಬರೆದು ಹೋದರು. ಮಳೆಗಾಲ ಮುಗೀತು ಅಂತ ಎಲ್ಲರೂ ನಿಶ್ಚಿಂತಿ ಇದ್ದರು. ಅದೇ ವಾರ ಹಿಡಿಯಿತು. ಬಂತು ಅಂದರೆ ಮಧ್ಯಾಹ್ನ ಬರೋದು, ಸಂಜಿತನಕ ಹೊಡೆಯೋದು, ಮರುದಿನ ಮತ್ತೆ. ಅದು ಎರಿ ಭೂಮಿ, ಕಪ್ಪು ಮಣ್ಣು. ಮಳೆ ನಿಂತರೂ ಹಾದಿ ಅಂಟಿನ ಉಂಡಿಯಂಗ ಆಗಿರ್ತಿತ್ತು. ಉಸುಕಿನ ಲಾರಿ ದೊಡ್ಡ ರಸ್ತೆಯ ಮೇಲೇ ಉಸುಕು ಸುರಿದು ಹೊಳ್ಳಿ ಹೋಗ್ತಿತ್ತು. ಆಳುಗಳು ಪಡಸಾಲಿಯಾಗ ಕೂತು ಎಲಿ ಅಡಿಕಿ ಹಾಕ್ಕೋತ ಆಕಾಶ ನೋಡೋರು. ನಾನು ಸೊನ್ನೆ ಬರೆಯೋಳು.

ಹಂಗೇ ಒಂದು ದಿನ ಮುಂಜಾನೆ ಹುಮನಾಬಾದದಿಂದ ಅಳಿಯ ಸೈಕಲ್ ಮೋಟಾರ್ ಮೇಲೆ ಬಂದ. ಮೋಟಾರ್ ಕೆಸರಾಗ ಸಿಗಬಿದ್ದು, ಅದನ್ನ ಅಲ್ಲೇ ಬಿಟ್ಟು ನಡಕೋತ ಬಂದಿದ್ದ. ಮಗಳಿಗೆ ಬ್ಯಾನಿ ಶುರುವಾಗ್ಯಾವ ಅಂದ. ನಾನು ಇದ್ದಲಿ ಅಲ್ಲೇ ಗೋಡೆ ಬುಡಕ ಇಟ್ಟು ಹೊಂಟೆ. ನಮ್ಮ ಮನಿಯವರು, "ನೀ ನಡಿ, ಇಲ್ಲಿ ಮಳಿ ನೋಡ್ಕೋತ ನಾ ಕೂಡ್ತೀನಿ" ಅಂದರು. ಆ ಮಾತಿನಾಗ ಸಿಟ್ಟಿತ್ತೋ ನಗಿ ಇತ್ತೋ ನಾನು ನೋಡಲಿಲ್ಲ.

ಆ ಐದು ದಿನದ ಬಗ್ಗೆ ನನಗೆ ಬರೀಲಿಕ್ಕೆ ಬಿಟ್ಟರೆ ಈ ವಹಿ ಸಾಲಂಗಿಲ್ಲ. ಹುಮನಾಬಾದದ ದವಾಖಾನಿಯೊಳಗ ನರ್ಸಬಾಯಿ ಕೂಸನ್ನ ತಂದು ನನ್ನ ಕೈಯಾಗ ಇಟ್ಟಾಗ ಅದು ಕಣ್ಣು ತೆರೆದೇ ಇತ್ತು. ತಲಿ ತುಂಬ ಕೂದಲು. ಬಲಗೈ ಮುಷ್ಟಿ ಬಿಚ್ಚಿ ನನ್ನ ಬೆರಳು ಹಿಡಿಯಿತು. ನೀರಿನ ಕೊಡ ಹೊತ್ತು ಹೊತ್ತು ನನ್ನ ಬೆರಳು ಒರಟಾಗಿದ್ದವು, ಕೂಸಿಗೆ ಚುಚ್ಚೀತು ಅಂತ ಬಿಡಿಸಿಕೊಳ್ಳಲಿಕ್ಕೆ ನೋಡಿದೆ. ಬಿಡಲೇ ಇಲ್ಲ. ಕಂಡವರಿಗೆಲ್ಲಾ ಸಕ್ಕರಿ ಹಂಚಿದೆ. ಮಾಣಿಕನಗರದ ಗುಡಿಗೆ ಹೋಗಿ ಕಾಯಿ ಒಡಸಿಕೊಂಡು ಬಂದೆ. ಬರುವಾಗ ಆಟೋದವನಿಗೂ ಸಕ್ಕರಿ ಕೊಟ್ಟೆ. ಅವನು ಬಾಡಿಗಿ ಬ್ಯಾಡ ಅಂದ. ಹೊರಗೆ ಮಳೆ ಇತ್ತು. ಕಿಟಕಿಗೆ ಬಡೀತಿತ್ತು. ಅದು ನನಗೆ ಸಂಬಂಧ ಇಲ್ಲದ ಯಾವುದೋ ಸಪ್ಪಳ ಅನಿಸ್ತಿತ್ತು.

ಆರನೇ ದಿನ ಬಾಣಂತಿಯನ್ನ ನನ್ನ ಅಕ್ಕನ ಕೈಗೆ ಒಪ್ಪಿಸಿ ಸೈಟಿಗೆ ಬಂದೆ. ಇದ್ದಲಿ ಇಟ್ಟಲ್ಲೇ ಇತ್ತು. ಗೋಡೆ ಮೇಲೆ ದಿನಕ್ಕ ಒಂದು ಬೆರಳಿನಂಗ ಐದು ಬೆರಳಿನಷ್ಟು ಜಾಗ ಬಿಟ್ಟು ಅವತ್ತಿನ ಗೆರೆ ಎಳೆದೆ. ದೀಪಾವಳಿ ಹತ್ತಿರ ಬರುವತನಕ ಮತ್ತೆ ಕೆಲವು ಸೊನ್ನೆ ಬಿದ್ದವು. ಅಷ್ಟರಾಗ ಕಂಬ ಇದ್ದಂಗೇ ಇದ್ದವು, ಗೋಡೆ ಮೊಳಕಾಲಮಟ ಎದ್ದಿತ್ತು, ಇನ್ನೂ ಮೇಲೆ ಸ್ಲ್ಯಾಬ್ ಬೀಳಬೇಕು.

ಹಬ್ಬ ಆದ ಮರುದಿನವೇ ಆಫೀಸಿನಿಂದ ನೋಟೀಸು ಬಂತು. ಕೆಲಸ ಹಿಂದೆ ಬಿದ್ದದ, ಗುತ್ತಿಗೆ ಯಾಕ ರದ್ದು ಮಾಡಬಾರದು, ಜವಾಬು ಕೊಡ್ರಿ ಅಂತ. ನಮ್ಮ ಮನಿಯವರು ಊರಿನ ಐದು ಮಂದಿ ಹಿರಿಯರನ್ನ ಕೂಡಿಸಿ ಪಂಚನಾಮಿ ಬರೆಸಿದರು. ಎಡಬಿಡದೆ ಮಳೆ ಬಂದದ್ದು ಖರೆ ಅದ ಅಂತ ಎಲ್ಲರೂ ಹೆಬ್ಬಟ್ಟು ಒತ್ತಿದರು. ಅದನ್ನ ತಗೊಂಡು ಇಬ್ಬರೂ ಕಲ್ಯಾಣಕ್ಕೆ ಹೋದೆವು. ಟ್ರಂಕಿನಾಗಿನ ರಜಿಸ್ಟರನ್ನೂ ಒಯ್ದೆವು.

ಇಂಜಿನಿಯರ್ ಸಾಹೇಬರು ಹರೆಯದವರು, ತೆಳ್ಳಗೆ, ಸಿಟ್ಟಿಲ್ಲದ ಮುಖ. ಪಂಚನಾಮಿ ಓದಿ ಮಗ್ಗಲಿಗಿಟ್ಟರು.

"ಈ ಹೆಬ್ಬಟ್ಟು ನೀವು ಹೇಳಿದ್ದಕ್ಕ ಹೌದು ಅಂತಾವ್ರಿ. ಬ್ಯಾರೆಯವರು ಬಂದು ಮಳಿ ಇದ್ದಿಲ್ಲ ಅಂತ ಬರೆಸಿದರ ಅದಕ್ಕೂ ಹೌದು ಅಂತಾವ. ರಜಿಸ್ಟರ್ ತಂದೀರೇನು?"

ನಮ್ಮ ಮನಿಯವರು ಪ್ಲಾಸ್ಟಿಕ್ ಬಿಚ್ಚಿ ಎರಡೂ ಕೈಲೆ ಕೊಟ್ಟರು. ಸಾಹೇಬರು ಮೊದಲನೇ ಹಾಳೆ ತೆರೆದರು. ಅರಿಶಿಣ, ಕುಂಕುಮ, ಒಂದು ಒಣಗಿದ ಬನ್ನಿ ಎಲಿ. ಎರಡನೇ ಹಾಳೆ ಖಾಲಿ. ಮೂರನೇದೂ ಖಾಲಿ. ಕಡೀತನಕ ತಿರುವಿದರು.

"ಇದೇನ್ರಿ ಇದು?"

"ಛಂದ ಇಟ್ಟೀವಿ ಸಾಹೇಬ್ರ. ಒಂದು ಕಲೆನೂ ಬಿದ್ದಿಲ್ಲ."

ಟೇಬಲ್ ಆ ಕಡೆ ಕೂತಿದ್ದ ಓವರ್‌ಸೀಯರು ಕೆಮ್ಮು ಬಂದವರಂಗ ಮುಖ ಆಕಡೆ ತಿರುಗಿಸಿದರು. ಸಾಹೇಬರು ನಗಲಿಲ್ಲ. ತಹಸೀಲ್ ಕಚೇರಿಯ ಮಳೆ ಲೆಕ್ಕ ತರಿಸಿದ್ದರು, ಅದನ್ನ ತೋರಿಸಿದರು. ಕಲ್ಯಾಣದಾಗ ಆ ದಿನಗಳೊಳಗ ಹನಿಯಷ್ಟೇ ಬಿದ್ದಿತ್ತಂತೆ. ಮಳೆಗಾಲದ ಮಳೆ ಆಗಿದ್ದರೆ ಅದನ್ನ ಕೆಲಸಕ್ಕ ಕೊಟ್ಟ ಮುದ್ದತ್ತಿನ ದಿನಗಳಾಗ ಮೊದಲೇ ಹಿಡಿದಿರ್ತಾರ, ಇದು ಹೊತ್ತಲ್ಲದ ಹೊತ್ತಿನ ಮಳೆ, ಇದಕ್ಕ ದಿನ ಕೊಡಲಿಕ್ಕೆ ಬರ್ತದ, ಆದರೆ ಅದು ನಿಮ್ಮ ಜಾಗದಾಗ ಬಿತ್ತು ಅನ್ನೋದಕ್ಕ ದಿನದಿನದ ಲೆಕ್ಕ ಬೇಕು ಅಂದರು.

"ಮಳಿ ಏನು ತಹಸೀಲ್ ಕಚೇರಿಗೆ ಹೇಳಿ ಬರ್ತದೇನ್ರಿ" ಅಂದರು ನಮ್ಮ ಮನಿಯವರು. ಆಮೇಲೆ ತಾವೇ ಅಂಜಿ ಕೈ ಮುಗಿದರು.

"ನಾಳಿದ್ದು ನಾನೇ ಬರ್ತೀನಿ" ಅಂದರು ಸಾಹೇಬರು, ರಜಿಸ್ಟರ್ ತಮ್ಮ ಹತ್ತಿರವೇ ಇಟ್ಟುಕೊಂಡು. "ಏನರ ಬರದಿಟ್ಟಿದ್ರ ತೋರಸ್ರಿ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಬಸ್ಸಿನಾಗ ಬರುವಾಗ ನಮ್ಮ ಮನಿಯವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ನಾನು ಕೂಸಿನ ಬಗ್ಗೆ ಎರಡು ಮಾತು ಹೇಳಿದೆ. ಅವರು ಇನ್ನೂ ಕೂಸಿನ ಮುಖ ನೋಡಿದ್ದಿಲ್ಲ. ನಾನಂತೂ ಹೇಳೋದು ಬಿಡಲಿಲ್ಲ, ಪಕ್ಕದ ಸೀಟಿನ ಹೆಣ್ಣುಮಗಳಿಗೆ ಹೇಳಿದೆ.

ಗೋಡೆ ಮೇಲಿನ ಗೆರೆಗಳು ಇದಕ್ಕ ಬರ್ತಾವ ಅಂತ ನಮ್ಮ ಯಾರ ತಲ್ಯಾಗೂ ಹೊಳೆದಿದ್ದಿಲ್ಲ. ಅದು ನನ್ನದೂ ಗೌಂಡಿದೂ ಜಗಳದ ಲೆಕ್ಕ. ಬರದಿಟ್ಟದ್ದು ಅಂದರೆ ಕಾಗದದ ಮೇಲೆ ಅಂತ ನಮಗೆ ಗೊತ್ತು. ಸಾಹೇಬರು ಬರ್ತಾರ ಅನ್ನೋ ಸುದ್ದಿ ಕೇಳಿ ಹೆಡ್‌ಮಾಸ್ತರು, "ಈ ಗೋಡಿ ನೋಡಿದರ ನನಗೇನಂತಾರ? ಸುಣ್ಣ ಅದ, ಒಂದು ಕೈ ಹೊಡಸ್ರಿ" ಅಂದರು. ನಮ್ಮ ಮನಿಯವರಿಗೂ ಅದು ಸರಿ ಅನಿಸಿತು. ದೊಡ್ಡವರು ಬರುವಾಗ ಸುಣ್ಣ ಹಚ್ಚೋದು ನಮ್ಮ ಕಡೆ ರೂಢಿ. ಉಸುಕಿಲ್ಲದ್ದಕ್ಕ ಆಳುಗಳೂ ಖಾಲಿ ಇದ್ದರು. ನಮ್ಮ ಮನಿಯವರು ತಾವೇ ಕುಂಚ ಹಿಡಿದು ಪಡಸಾಲಿ ಗೋಡೆಗೆ ಒಂದು ಕೈ ತಿಳಿ ಸುಣ್ಣ ಎಳೆದುಬಿಟ್ಟರು. ನಾನು ಕೆರೆ ಕಡೆ ಬಟ್ಟೆ ಒಗೆಯಲಿಕ್ಕೆ ಹೋಗಿದ್ದೆ. ಬಂದು ನೋಡಿದರೆ ಗೋಡೆ ಬೆಳ್ಳಗೆ ಹಾಲಿನಂಗ. ಛಂದ ಆಗೇದ ಅಂದೆ. ಖರೆ ಹೇಳ್ತೀನಿ, ಛಂದ ಆಗೇದ ಅಂತಲೇ ಅಂದೆ.

ಸಾಹೇಬರು ಬಂದಾಗ ಮುಂಜಾನೆ ಹತ್ತರ ಹೊತ್ತು. ಜೀಪು ದೊಡ್ಡ ರಸ್ತೆಯಾಗೇ ನಿಂತಿತ್ತು. ಬೂಟು ಕೈಯಾಗ ಹಿಡಕೊಂಡು, ಪ್ಯಾಂಟು ಮೊಳಕಾಲಿಗೆ ಮಡಿಚಿ, ಕಾಲ ತುಂಬ ಕೆಸರು ಮಾಡ್ಕೊಂಡು ಬಂದರು. ನಾನು ಕಾಲಿಗೆ ನೀರು ಕೊಟ್ಟೆ. ಕಂಬ ನೋಡಿದರು, ಗೋಡೆ ನೋಡಿದರು, ಪಡಸಾಲಿಯಾಗ ಕುರ್ಚಿ ಹಾಕಿ ಕೂತರು.

"ಏನದ ತೋರಸ್ರಿ."

ನಮ್ಮ ಮನಿಯವರು ನೆಲ ನೋಡಾಕತ್ತಿದ್ದರು. ಆಗ ಗೌಂಡಿ, ಯಾವಾಗಲೂ ಬೇಡಾದ್ದಕ್ಕ ಬಾಯಿ ತೆಗೆಯೋ ಅವ, ಒಮ್ಮೆ ಬೇಕಾದ್ದಕ್ಕ ತೆಗೆದ.

"ವೈನಿ ಬರದಿದ್ರಲ್ಲ! ಮಳಿ ಬಂದ ದಿನ ಎಲ್ಲಾ ಸೊನ್ನಿ ಹಾಕ್ತಿದ್ರು!"

"ಎಲ್ಲಿ?"

ಗೌಂಡಿ ಕೈ ಮಾಡಿ ತೋರಿಸಿದ. ತೋರಿಸಿದ ಕೈ ಅಲ್ಲೇ ನಿಂತಿತು. ಬೆಳ್ಳನ್ನ ಗೋಡೆ. ಹೆಡ್‌ಮಾಸ್ತರು ಬಾಯಿಗೆ ಕೈ ಇಟ್ಟರು. ನಮ್ಮ ಮನಿಯವರು ಸುಣ್ಣ ಹತ್ತಿದ ತಮ್ಮ ಉಗುರು ನೋಡ್ಕೊಂಡರು. ಆ ಮುಖ ನಾನು ಇಪ್ಪತ್ತೈದು ವರ್ಷದ ಸಂಸಾರದಾಗ ನೋಡಿದ್ದಿಲ್ಲ.

ನಾನು ನೀರು ಹೊಡೆಯೋಳು. ಸುಣ್ಣದ ಗೋಡೆಗೆ ನೀರು ಬಿದ್ದರೆ ಏನಾಗ್ತದ ಅಂತ ನನಗೆ ಗೊತ್ತು. ಒಂದು ಕೈ ತಿಳಿ ಸುಣ್ಣ ಒಣಗಿದಾಗಷ್ಟೇ ಬಿಳಿ. ತೊಯ್ದರೆ ತೆಳ್ಳಗಾಗಿ ಕೆಳಗಿನದೆಲ್ಲಾ ಕಾಣ್ತದ. ಪೀಪಾಯಿಂದ ಒಂದು ಕೊಡ ತುಂಬಿದೆ.

"ಸಾಹೇಬ್ರ, ಜರಾ ಕುರ್ಚಿ ಸರಸ್ಕೋರಿ."

ಗೋಡೆಗೆ ಅಡ್ಡ ಒಂದು ಕೊಡ ಎರಚಿದೆ. ಇನ್ನೊಂದು ಕೊಡ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಸುಣ್ಣ ಬೂದಿ ಬಣ್ಣಕ್ಕೆ ತಿರುಗಿತು, ಅದರೊಳಗಿಂದ ನನ್ನ ಗೆರೆಗಳು ಒಂದೊಂದೇ ಎದ್ದು ಬಂದವು. ಎರಡು ಗೆರೆ, ಎರಡು ಗೆರೆ, ಸೊನ್ನೆ, ಸೊನ್ನೆ, ಎರಡು ಗೆರೆ.

ಸಾಹೇಬರು ಕುರ್ಚಿ ಬಿಟ್ಟೆದ್ದರು. ಕಂಬದ ಮೇಲಿನ ಕೆಂಪು ತಾರೀಖು ಓದಿಕೊಂಡು ಬಂದು ಮೊದಲನೇ ಗೆರೆ ಮೇಲೆ ಬೆರಳಿಟ್ಟರು. ಅಲ್ಲಿಂದ ಒಂದೊಂದು ದಿನ ಎಣಿಸ್ಕೋತ ಹೊಂಟರು. ನಡುವೆ ಒಂದು ಸೊನ್ನೆ ಹತ್ತಿರ ನಿಂತು, "ಹೌದು, ಈ ದಿನ ನಾ ಇಲ್ಲೇ ಮಗ್ಗಲಿನ ದುಬಲಗುಂಡಿ ಕಡೆ ಹೊಂಟಿದ್ದೆ, ಮಳಿಗೆ ಜೀಪು ತಿರುಗಿಸಿದ್ದೆ" ಅಂದರು, ತಮ್ಮಷ್ಟಕ್ಕೆ ತಾವೇ ಅನ್ನುವಂಗ. ಗೋಡೆ ಆರಾಕ ಹತ್ತಿದರೆ ಗೌಂಡಿ ಓಡಿ ಹೋಗಿ ಕೊಡ ತುಂಬಿಕೊಂಡು ಬಂದು ಎರಚ್ತಿದ್ದ. ಅವನು ನೀರು ಹೊತ್ತದ್ದು ಅದೇ ಮೊದಲು.

ಖಾಲಿ ಜಾಗಕ್ಕೆ ಬಂದಾಗ ಸಾಹೇಬರ ಬೆರಳು ನಿಂತಿತು.

"ಇಲ್ಲಿ ಐದು ದಿನ ಗೆರಿನೂ ಇಲ್ಲ, ಸೊನ್ನಿನೂ ಇಲ್ಲ. ಎಲ್ಲಿ ಹೋಗಿದ್ರವ್ವಾ?"

"ಆಯಿ ಆಗಾಕ ಹೋಗಿದ್ದಿನ್ರಿ, ಮೊಮ್ಮಗಳು ಹುಟ್ಟಿದಳು."

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಮ್ಮ ಮನಿಯವರು ಮಾತ್ರ ನಗಲಿಲ್ಲ, ಮುಂದೆ ಬಂದರು. "ಆ ಐದೂ ದಿನ ಮಳಿ ಇತ್ತರಿ ಸಾಹೇಬ್ರ. ಅವೇ ಎಲ್ಲಕ್ಕಿಂತ ದೊಡ್ಡ ಮಳಿ. ಕೇಳ್ರಿ ಆಕೀನ."

ಸಾಹೇಬರು ನನ್ನ ಕಡೆ ತಿರುಗಿದರು. ನಮ್ಮ ಮನಿಯವರು ನನ್ನ ಮುಖ ನೋಡಾಕತ್ತಿದ್ದರು. ಹೂಂ ಅಂದರೆ ಐದು ದಿನ ಸಿಗ್ತಾವ ಅಂತ ನನಗೂ ತಿಳೀತಿತ್ತು. ಆದರೆ ಆ ದಿನಗಳನ್ನ ನೆನೆದರೆ ನನಗೆ ಕಾಣೋದು ಕೂಸಿನ ಮುಷ್ಟಿ ಒಂದೇ. ಆ ಊರಿನ ಒಂದು ಹನಿಯೂ ಕಾಣಂಗಿಲ್ಲ.

"ಹುಮನಾಬಾದದಾಗ ಇತ್ತರಿ" ಅಂದೆ. "ಇಲ್ಲಿಂದು ನನಗ ಗೊತ್ತಿಲ್ರಿ."

ಸಾಹೇಬರು ಚೀಲದಿಂದ ನಮ್ಮ ರಜಿಸ್ಟರ್ ತೆಗೆದು, ಅರಿಶಿಣ ಕುಂಕುಮದ ಹಾಳೆ ಬಿಟ್ಟು, ಎರಡನೇ ಹಾಳೆಯಾಗ ಬರೆಯಾಕ ಹತ್ತಿದರು. ಗೋಡೆ ನೋಡಿ, ಬರೆದು, ಗೋಡೆ ನೋಡಿ, ಬರೆದು. ಎಂಟು ಸೊನ್ನೆ, ಎಂಟು ದಿನ. ತಮ್ಮ ಕೆಸರಿನ ಪ್ಯಾಂಟು ಒಮ್ಮೆ ನೋಡ್ಕೊಂಡು, ಹಾದಿ ಕೆಟ್ಟದ್ದಕ್ಕ ಎರಡು ದಿನ ಅಂತ ಸೇರಿಸಿ, ಸಂಕ್ರಾಂತಿ ಆದ ಮೇಲೆ ಅಷ್ಟು ದಿನ ಹೆಚ್ಚಿಗಿ ಕೊಟ್ಟರು. ಹತ್ತು. ಖಾಲಿ ಐದಕ್ಕೆ ಏನೂ ಇಲ್ಲ. ಕೆಳಗೆ ನಮ್ಮ ಮನಿಯವರ ಸಹಿ, ಅದರ ಕೆಳಗೆ ನನ್ನದು. ನನ್ನ ಹೆಸರು ಬರೆಯಲಿಕ್ಕೆ ನನಗೆ ಹೊತ್ತು ಹಿಡೀತು. ಸಾಹೇಬರು ಕಾದರು.

ಅವರು ಹೋದ ಮೇಲೆ ನಮ್ಮ ಮನಿಯವರು, "ಒಂದು ಹೂಂ ಅಂದಿದ್ರ ಹದಿನೈದು ಆಗ್ತಿತ್ತು" ಅಂದರು.

"ಹತ್ತು ಬಂದಾವಲ್ರಿ."

"ಐದು ದಿನ ನಿನ್ನ ಮೊಮ್ಮಗಳು ತಿಂದಳು."

"ತಿನ್ಲಿ. ಎಳೇ ಕೂಸು, ಹಸಿವು ಇರ್ತದ."

ಅವರು ಆ ದಿನ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮರುದಿನ ಉಸುಕಿನ ಲಾರಿ ಬಂತು, ಮಾತಾಡಿದರು. ಮುಂದಿನ ಎರಡು ತಿಂಗಳು ಬಿಸಿಲು ಬಿದ್ದದ್ದೇ ಬಿದ್ದದ್ದು. ಗೋಡೆ ಎದ್ದವು. ಸ್ಲ್ಯಾಬ್ ಹಾಕಿದ ದಿನ ಊರಿನ ಹೆಣ್ಣುಮಕ್ಕಳೂ ಬುಟ್ಟಿ ಹಿಡಿದರು. ಸ್ಲ್ಯಾಬ್ ಮೇಲೆ ನೀರು ಕಟ್ಟಿ ನಿಲ್ಲಿಸಿ, ಕೆಳಗ ಆಸರಕ್ಕ ನಿಲ್ಲಿಸಿದ ಬಲ್ಲಿ ಕಟ್ಟಿಗಿ ಬಿಚ್ಚೋದಕ್ಕ ಕಾಯಬೇಕು. ಕಾಯೋದ್ರಾಗ ಒಂದು ದಿನವೂ ಕಡಿಮಿ ಮಾಡಲಿಕ್ಕೆ ಬರಂಗಿಲ್ಲ, ಹಂಗಾಗಿ ಕೊನೆಗೆ ಉಳಿದ ದಿನ ಭಾಳ ಬಿಗಿಯಾದವು. ಸಂಕ್ರಾಂತಿ ದಾಟಿತು. ಎಳ್ಳು ಬೆಲ್ಲ ಸೈಟಿನಾಗೇ ಹಂಚಿದೆವು. ಒಂಬತ್ತನೇ ದಿನ ಕದ ಕೂಡಿಸಿದರು. ಹತ್ತನೇ ದಿನ ಮಧ್ಯಾಹ್ನ ಓವರ್‌ಸೀಯರು ಬಂದು ಎರಡೂ ಕೋಣೆ ನೋಡಿ ಕೀಲಿ ತಗೊಂಡು ಹೆಡ್‌ಮಾಸ್ತರಿಗೆ ಕೊಟ್ಟರು. ಸಂಜಿ ಬಸ್ಸಿಗೆ ನಮ್ಮ ಮನಿಯವರು ಹುಮನಾಬಾದಕ್ಕೆ ಹೋಗಿ, ಕೈಗೆ ಮೂರು ಸಲ ಸಾಬೂನು ಹಚ್ಚಿ ತೊಳಕೊಂಡು, ಮೂರು ತಿಂಗಳ ಕೂಸನ್ನ ಮೊದಲ ಸಲ ಎತ್ತಿಕೊಂಡರು.

ಅವರ ಹೆಸರು ಪಟ್ಟಿಯಾಗ ಉಳಿಯಿತು. ಬ್ಯಾಸಗಿ ಮುಗಿಯುವಾಗ ಇನ್ನೊಂದು ಗುತ್ತಿಗೆ ಬಂತು, ಹಾದಿಗೆ ಅಡ್ಡ ಹರಿಯೋ ಹಳ್ಳಕ್ಕ ಒಂದು ಸಣ್ಣ ಸೇತುವೆ. ಕಾಗದದ ಜೊತೆಗೆ ರಜಿಸ್ಟರ್ ಕೊಡುವಾಗ ಓವರ್‌ಸೀಯರು, "ಇದಕ್ಕ ಕುಂಕುಮ ಹಚ್ಚಬ್ಯಾಡ್ರಿ, ಮಸಿ ಹಚ್ಚರಿ" ಅಂದರಂತೆ. ನಮ್ಮ ಮನಿಯವರು ಅದನ್ನ ತಂದು ನನ್ನ ಮುಂದೆ ಇಟ್ಟು, ಜೊತೆಗೆ ಒಂದು ಹೊಸ ಪೆನ್ನು ಇಟ್ಟರು. ಅವತ್ತಿನಿಂದ ಪ್ರತಿ ಸಂಜಿ ನಾನು ಬರೆದೆ. ಇಂದು ಬಿಸಿಲು, ಕೆಲಸ ಆಯ್ತು. ಇಂದು ಮಧ್ಯಾಹ್ನ ಮಳೆ, ಕೆಲಸ ನಿಂತಿತು. ಇಂದು ಮಳೆ ಇಲ್ಲ, ಹಾದಿ ಕೆಸರು, ಲಾರಿ ಬರಲಿಲ್ಲ.

ಒಂದು ಸಂಜಿ ಹುಮನಾಬಾದದಿಂದ ಸುದ್ದಿ ಬಂತು. ನನಗೆ ತಡಕೊಳ್ಳಲಿಕ್ಕೆ ಆಗಲಿಲ್ಲ. ಇಂದು ಬಿಸಿಲು, ಕೆಲಸ ಆಯ್ತು, ಕೂಸಿಗೆ ಹಲ್ಲು ಬಂತು ಅಂತ ಬರೆದೆ. ತಿಂಗಳ ಕಡೆಗೆ ಸಾಹೇಬರು ಬಂದು ರಜಿಸ್ಟರ್ ನೋಡಿದರು. ಒಂದೊಂದು ಸಾಲೂ ಓದಿ ಮಗ್ಗಲಿಗೆ ಸಹಿ ಮಾಡ್ಕೋತ ಬಂದರು. ಆ ಸಾಲಿಗೆ ಬಂದಾಗ ನಮ್ಮ ಮನಿಯವರು ಹಣಿ ಒರಸಿಕೊಂಡರು. ಸಾಹೇಬರು ಅದನ್ನೂ ಓದಿದರು. ಮೇಲಿನದೋ ಕೆಳಗಿನದೋ ಅಂತ ನನ್ನ ಕೇಳಿದರು. ಕೆಳಗಿನದ್ರಿ, ಎರಡು, ಅಂದೆ. ಅದರ ಮಗ್ಗಲಿಗೂ ಸಹಿ ಮಾಡಿದರು.